ವಿಮಾನದ ರೇಡಿಯೇಟರಿಗೆ ಮೀನೆಣ್ಣೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಕಾರವಾರದಿಂದ ಬಂದ ಅತಿಥಿಗಳೇ, ನನ್ನನ್ನು ಹುಚ್ಚನೆಂದರೂ ವಿಮಾನ ನೋಡಲು ತಪ್ಪದೆ ಬರುತ್ತಿದ್ದ ಅವರ್ಸಾದ ಸಭಿಕರೇ,

ನೀವು ಹೊದಿಸಿದ ಶಾಲಿನೊಳಗೆ ಬೆವರುತ್ತಿದ್ದೇನೆ. ಒಳ್ಳೆಯದೇ ಆಯಿತು, ನಾನು ಹೇಳಬೇಕಾದದ್ದೂ ಸೆಕೆಯ ಕಥೆಯೇ.

ನಾನು ಕಟ್ಟಿದ ವಿಮಾನದಲ್ಲಿರುವುದು ಹಳೆಯ ಕಾರೊಂದರ ರೋಟರಿ ಎಂಜಿನ್. ಅದರಲ್ಲಿ ಪಿಸ್ಟನ್ ಇಲ್ಲ, ಮೂರು ಮೂಲೆಯ ತುಂಡೊಂದು ಗಿರಗಿರನೆ ತಿರುಗುತ್ತದೆ. ಹಗುರ, ಗಟ್ಟಿ; ಆದರೆ ವಿಪರೀತ ಕಾಯುತ್ತದೆ. ತಣಿಸುವುದು ಹೇಗೆ? ನಮ್ಮ ದೋಣಿಯಾಗಿದ್ದರೆ ಸಮುದ್ರದ ನೀರಿತ್ತು. ಆಕಾಶದಲ್ಲಿ ಯಾರ ಬಾವಿಯಿದೆ? ಎಂಜಿನ್ನಿನ ನೀರು ತಣಿಸಲು ಕಾರಿನ ಏಸಿ ಕಾಯಿಲನ್ನೇ ರೇಡಿಯೇಟರ್ ಮಾಡಿದೆ. ಎಂಜಿನ್ನಿನ ಎಣ್ಣೆಗೆ ಮೋಟಾರ್ ಸೈಕಲ್ಲಿನ ಅಂಗೈಯಗಲದ ಕೂಲರ್ ಸಾಕೆಂದುಕೊಂಡೆ.

೨೦೦೬ರ ಮಳೆಗಾಲ ಮುಗಿದಿತ್ತು. ಹಾರಾಟದ ಪರವಾನಗಿ ಕೈಗೆ ಬಂದಿತ್ತು. ವಿಮಾನವನ್ನು ಘಟ್ಟದ ಮೇಲಿನ ಓಡುದಾರಿಗೆ ಸಾಗಿಸುವ ಮುನ್ನ ನಾನು ಅದನ್ನು ಕಟ್ಟಿದ ಬಾಳೆಗುಳಿಯ ಶೆಡ್ಡಿನಲ್ಲಿ ಕೊನೆಯ ಸಲ ಎಂಜಿನ್ ಚಾಲೂ ಮಾಡಿದೆ. ಏನು ಹೇಳಲಿ! ಮೀನು ಹುರಿದ ವಾಸನೆ! ಬಾಳೆಗುಳಿಯ ಬೆಕ್ಕುಗಳೆಲ್ಲ ಬಾಗಿಲಲ್ಲಿ ಹಾಜರು. ನೀರಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು.

"ಬೊಮ್ಮು, ಎಂತಾ ಮಾಡಿದ್ಯೋ?" ಎಂದೆ. ಬೊಮ್ಮು ನನ್ನ ಹೆಂಡತಿ ಸುಮಲತಾಳ ತಮ್ಮ, ದೋಣಿಯವನು; ಶೆಡ್ಡಿನಲ್ಲಿ ನನಗೆ ನೆರವಾಗುತ್ತಿದ್ದ.

"ಉಪ್ಪುಗಾಳಿ ತಿಂದ್ಹಾಕ್ತದೆ ಭಾವಾ, ಅದ್ಕೇ ರೇಡಿಯೇಟರಿಗೆ ಒಂದ್ ಕೈ ಮೀನೆಣ್ಣೆ ಬಳ್ದಿದ್ದೆ. ದೋಣಿಗೆ ಬಳಿಯೂದಿಲ್ವಾ?"

ಪಕ್ಕದಲ್ಲಿ ಅಕ್ಕಿ ಗಿರಣಿ. ಅಲ್ಲಿಂದ ಹಾರಿ ಬಂದ ಭತ್ತದ ಹೊಟ್ಟೆಲ್ಲ ಆ ಎಣ್ಣೆಗೆ ಅಂಟಿ, ರೇಡಿಯೇಟರಿನ ಸಂದಿಗಳನ್ನು ಮುಚ್ಚಿತ್ತು. ಗಾಳಿ ಹೋಗುವುದೆಲ್ಲಿಂದ?

ಸುದ್ದಿ ಸುಮಲತಾಳ ಕಿವಿಗೆ ಬಿತ್ತು. "ನನ್ನ ಗಂಡನ್ನ ಕೊಲ್ತಿದ್ಯಲ್ಲೋ!" ಎಂದವಳು ಅಂದಿನಿಂದ ತಮ್ಮನೊಡನೆ ಮಾತು ಬಿಟ್ಟಳು. ಅವನು ನಮ್ಮ ಮನೆಯ ಮೆಟ್ಟಿಲು ಹತ್ತುವುದನ್ನೂ ಬಿಟ್ಟ.

ಆಮೇಲಿನದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಈವರೆಗೆ ಇರಲಿಲ್ಲ. ನಿಮ್ಮೆಲ್ಲರ ಮುಂದಾದರೆ ಅವಳು ಕೂಗಾಡಲಾರಳು, ಅದಕ್ಕೇ ಹೇಳುತ್ತೇನೆ. ರೇಡಿಯೇಟರನ್ನು ಸೋಪಿನ ನೀರಲ್ಲಿ ತೊಳೆದು ಎಂಜಿನ್ನನ್ನು ಮತ್ತೆ ಓಡಿಸಿದೆ. ಹೆದರಿದ್ದೆನಲ್ಲ, ಅದಕ್ಕೇ ಬಹಳ ಹೊತ್ತು ಓಡಿಸಿದೆ. ನೀರಿನ ಮುಳ್ಳು ಸುಮ್ಮನೆ ನಿಂತಿತು. ಎಣ್ಣೆಯ ಮುಳ್ಳು ನಿಲ್ಲಲೇ ಇಲ್ಲ! ರೋಟರಿಯ ಬಿಸಿಯಲ್ಲಿ ದೊಡ್ಡ ಪಾಲು ಎಣ್ಣೆಯೊಳಗೇ ಇಳಿಯುತ್ತದೆ. ನನ್ನ ಪುಟ್ಟ ಕೂಲರ್ ಅದಕ್ಕೆ ಯಾವ ಮೂಲೆಗೆ? ದೊಡ್ಡದನ್ನು ತರಿಸಿ, ಗಾಳಿ ನೇರ ಅದರೊಳಗೆ ನುಗ್ಗುವಂತೆ ತಗಡಿನ ಕೊಳವೆ ಕಟ್ಟಿದೆ. ಆಮೇಲೆಯೇ ಹಾರಿದೆ.

ಬೊಮ್ಮು ಎಣ್ಣೆ ಬಳಿಯದಿದ್ದರೆ? ಐದು ನಿಮಿಷ ಓಡಿಸಿ, ಸರಿಯಿದೆ ಎಂದು ಹೊರಟುಬಿಡುತ್ತಿದ್ದೆ. ಮೇಲೆ ಹೋದ ಮೇಲೆ ಎಂಜಿನ್ ಸುಟ್ಟುಹೋದರೆ ದಾರಿ ಬದಿಗೆ ನಿಲ್ಲಿಸಲಾಗುತ್ತದೆಯೇ? ಈ ಶಾಲನ್ನು ನೀವು ನನ್ನ ಫೋಟೋಕ್ಕೆ ಹೊದಿಸಬೇಕಾಗುತ್ತಿತ್ತು.

ಸುಮಲತಾ, ನಿನ್ನ ತಮ್ಮ ಹಿಂದೆ ಬಾಗಿಲ ಹತ್ತಿರ ನಿಂತಿದ್ದಾನೆ. ನಾನು ಕರೆದರೆ ನಾಚಿ ಓಡುತ್ತಾನೆ. ನೀನು ಕರೆದರೆ ಬರುತ್ತಾನೆ.

ಸಭಿಕರೇ, ಅವಳು ಎದ್ದಳು. ದಯವಿಟ್ಟು ದಾರಿ ಬಿಡಿ. ಇನ್ನು ಮೈಕಿನ ಕಡೆ ಯಾರೂ ನೋಡುವುದಿಲ್ಲ, ನೋಡಲೂಬೇಡಿ. ನಿಮ್ಮೆಲ್ಲರ ಉಪಕಾರ ದೊಡ್ಡದು. ನಮಸ್ಕಾರ.