ಎರಡು ಸೈಜು ದೊಡ್ಡದು

ವಿದ್ಯಾನಗರದ ಸ್ಟಾಪಿನಲ್ಲಿ ಧಾರವಾಡದ ಬಸ್ಸಿಗೆ ಕಾಯುತ್ತಿದ್ದ ದಾನವ್ವನ ಪಕ್ಕ ಕಾಲೇಜಿನ ಇಬ್ಬರು ಹುಡುಗಿಯರು ಬಂದು ಕೂತರು. ಇಬ್ಬರ ಜಡೆಯಿಂದಲೂ ಈಜುಕೊಳದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ದಾನವ್ವ ಮೊಬೈಲು ನೋಡುತ್ತ ಕಿವಿಯನ್ನು ಮಾತ್ರ ಅವರ ಕಡೆ ಬಿಟ್ಟಳು.

"ಇವತ್ತೂ ನೀನೇ ಮೊದಲು ಬಂದಿ, ಉಜ್ಮಾ. ಕೋಚ್ ಮೇಡಮ್ಮಗ ನಿನ್ನ ಬಿಟ್ಟು ಬ್ಯಾರೆ ಯಾರೂ ಕಾಣಂಗಿಲ್ಲ ಬಿಡು."

"ನಿನ್ನ ಈಜು ಡ್ರೆಸ್ಸಿನ್ಯಾಗ ಒಂದು ಕೊಡ ನೀರು ತುಂಬತೈತಿ, ಭಾಗ್ಯಾ. ಅದನ್ನ ಎಳಕೊಂಡು ಹೆಂಗ ಈಸ್ತಿ?"

"ಅಪ್ಪಾಜಿ ತಂದದ್ದು. ಹತ್ತಿ ವ್ಯಾಪಾರದವರು ನೋಡು, ಒಗದರ ಎಲ್ಲಾ ಬಟ್ಟಿನೂ ಕುಗ್ಗತೈತಿ ಅಂತ ಎರಡು ಸೈಜು ದೊಡ್ಡದು ಆರಿಸ್ಯಾರ."

"ಇದು ಕುಗ್ಗೂ ಬಟ್ಟಿ ಅಲ್ಲಲೇ, ಹುಚ್ಚಿ. ನಂದೂ ಸಡ್ಲಿತ್ತು, ಅಮ್ಮಿ ಎರಡೂ ಬಗಲಾಗ ಹಿಡದು ಹೊಲದಳು."

"ನಿಮ್ಮಮ್ಮ ಟೇಲರು, ನಿನಗೇನಲೇ. ಮೈಗೆ ಅಂಟಿದಂಗ ಕೂತೈತಿ, ಮೀನಿನಂಗ ಹೊಂಟುಬಿಡ್ತಿ."

"ಅದಕ್ಕ ಅನ್ನಾಕತ್ತೇನಿ, ನಿಂದೂ ಕೊಡು. ರವಿವಾರ ಟೀಮಿಗೆ ಒಬ್ಬಾಕಿನ್ನ ಅಷ್ಟ ಆರಿಸ್ತಾರ. ನಾಳೆ ಸಂಜಿಕಿ ಅಮ್ಮಿ ಹೊಲದು ಕೊಡ್ತಾಳ."

"ಬ್ಯಾಡ."

"ರೊಕ್ಕಾ ಏನೂ ತಗೊಳ್ಳಂಗಿಲ್ಲಾಕಿ."

"ಬ್ಯಾಡ ಅಂದ್ನೆಲ್ಲ."

"ಯಾಕ?"

ಭಾಗ್ಯಶ್ರೀ ಡ್ರೆಸ್ಸಿದ್ದ ಒದ್ದೆ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ದಾನವ್ವನ ಬೆರಳು ಮೊಬೈಲಿನ ಮೇಲೆ ನಿಂತುಬಿಟ್ಟಿತು.

"ಸರಿಯಾದ ಅಳತೀದು ಹಾಕ್ಕೊಂಡೂ ನಿನ್ನ ಹಿಂದ ಬಂದ್ನಿ ಅಂದ್ರ, ಆಮ್ಯಾಲ ತಪ್ಪು ಯಾರ ಮ್ಯಾಲ ಹಾಕಲಿ?"

ಬಸ್ಸು ಬಂತು. ಉಜ್ಮಾ ಚೀಲಕ್ಕೆ ಕೈ ಚಾಚಿದಳು. ಭಾಗ್ಯಶ್ರೀ ಅದನ್ನು ಎದೆಗೆ ಒತ್ತಿಕೊಂಡು, ಅವಳಿಗಿಂತ ಮೊದಲು ಓಡಿ ಹತ್ತಿದಳು.