ಪೈಪಿನ ತಣ್ಣೀರು

ಚೆಂಬೂರಿನ ಔಷಧದಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಂದೇ ಬಿಲ್ಡಿಂಗಿನ ಇಬ್ಬರು ಹೆಂಗಸರು ನಿಂತಿದ್ದರು. ಹಿರಿಯಳ ಕೈಯಲ್ಲಿ ಡಾಕ್ಟರರ ಚೀಟಿ ಇತ್ತು.

"ಸುಂದ್ರಕ್ಕಾ, ನಿಮ್ಮ ಮಾವಾರು ದವಾಖಾನಿಂದ ಬಂದ್ರೇನ್ರಿ?"

"ನಿನ್ನೆ ಸಂಜಿಗೆ ಬಂದ್ರು ಶೈಲಾ. ಉಸಿರು ಈಗ ಹಗುರ ಆಗೇದ."

"ಮುಂಜಾನೆನೇ ಅಂದ್ಕೊಂಡೆ. ನಲ್ಲಿ ತಿರುವಿದ ಕೂಡ್ಲೇ ಬಿಸಿನೀರು ಬಂತು."

"ಅದಕ್ಕೂ ಅವರಿಗೂ ಏನು ಸಂಬಂಧ?"

"ಟೆರೇಸಿನ ಮ್ಯಾಲೆ ಸೋಲಾರ್ ಕೂಡ್ಸಿದಾಗಿಂದ ಮೊದಲು ಸ್ನಾನಕ್ಕ ಹೋದವರಿಗೆ ನಮ್ಮೆಲ್ಲಾರ ಒಂದೇ ಪೈಪಿನಾಗ ನಿಂತ ತಣ್ಣೀರೇ ಗತಿ. ದಿನಾ ಅವರೇ ಮೊದಲು ಹೋಗ್ತಿದ್ರು. ಅವರಿಲ್ಲದಾಗ ಇನ್ನೊಬ್ಬರು ನಲ್ಲಿ ಬಿಡ್ಲಿ ಅಂತ ನಾವು ಮ್ಯಾಲಿನ ಮನಿಯವರೆಲ್ಲಾ ಟವೆಲ್ ಹೆಗಲಿಗೆ ಹಾಕ್ಕೊಂಡು ಕೂತಿದ್ವಿ."

"ಅವರಿಗೆ ಮೊದ್ಲಿಂದ ತಣ್ಣೀರ ಸ್ನಾನನೇ ರೂಢಿ."

"ಅದಕ್ಕ ಮೀಟಿಂಗಿನಾಗ ಸೋಲಾರ್ ಬ್ಯಾಡಂತ ಜಗಳಾಡಿದ್ರಲ್ಲ."

"ಈಗ ಡಾಕ್ಟರ್ ಬಿಸಿನೀರೇ ಬೇಕು ಅಂದಾರ, ಒಪ್ಪ್ಯಾರ."

"ಹಂಗಾದ್ರ ಇವತ್ತ ತಣ್ಣೀರು ಬಿಟ್ಟವರು ಯಾರು?"

"ಅವರೇ. ಎಂದಿನಂಗ ನಸುಕಿನಾಗ ಎದ್ದು ಎರಡು ಬಕೆಟ್ ಹಿಡಿದು, ನೆಲ ಒರೆಸಾಕ ಅಂತ ನನ್ನ ಮುಂದ ಇಟ್ರು. ಬಿಸಿ ಬಂದ ಮ್ಯಾಲೆ ನಲ್ಲಿ ಬಂದ್ ಮಾಡಿ ಮತ್ತ ಮಲಗಿದ್ರು. ಬಿಸಲು ಏರಿದ ಮ್ಯಾಲೆ ಸ್ನಾನ ಮಾಡಿದ್ರು."

"ಹಂಗಿದ್ರ ಅಷ್ಟು ಲಗೂ ಯಾಕ ಎದ್ರು?"

"ನಾನೂ ಬೈದೆ. 'ಮ್ಯಾಲಿನ ಮನಿಯವರು ಕಾಯ್ತಿರ್ತಾರವ್ವ' ಅಂದ್ರು."

ಅಂಗಡಿಯವನು ಚಾಚಿದ ಔಷಧದ ಚೀಲವನ್ನು ಶೈಲಾ ತಾನೇ ಇಸಿದುಕೊಂಡಳು.

"ನಡೀರಿ ಅಕ್ಕಾ, ಇದನ್ನ ನಾನೇ ಅವರ ಕೈಗೆ ಕೊಡ್ತೀನಿ."