ಮೂರನೇ ಮೈಕು

ಮಧ್ಯಾಹ್ನ ಶುರುವಾದ ಮಳೆ ಐದು ಗಂಟೆಯಾದರೂ ಬಿಡುವ ಲಕ್ಷಣವಿರಲಿಲ್ಲ. ರೇಡಿಯೋ ಸ್ಟೇಷನ್ನಿನಿಂದ ಮನೆಗೆ ಹೊರಟಿದ್ದವರೆಲ್ಲ ಕೊಡೆ ಮಡಚಿಕೊಂಡು ಮತ್ತೆ ಮೇಲಕ್ಕೆ ಬಂದಿದ್ದರು. ಹೊಸ ನಿರೂಪಕಿಗೆ ಮಾತ್ರ ಮನೆಯ ಯೋಚನೆಯಿರಲಿಲ್ಲ. ಆರು ಗಂಟೆಗೆ ಅವಳ ಮೊದಲ ನೇರಪ್ರಸಾರ. ಸಿನಿಮಾದ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ ಹಾಡುವವರನ್ನು ಕರೆಸಿ ಮಾತಾಡಿಸುವ ಹಳೆಯ ಕಾರ್ಯಕ್ರಮ ಅದು. ಹೋದ ವರ್ಷ ನಿಂತುಹೋಗಿದ್ದು ಇವತ್ತು ಮತ್ತೆ ಶುರುವಾಗಬೇಕಿತ್ತು.

ಅತಿಥಿ ಒಬ್ಬಳೇ ಹಾಡುಗಾರ್ತಿ. ಆದರೆ ಸ್ಟುಡಿಯೋದಲ್ಲಿ ಅತಿಥಿಗಳ ಕಡೆ ಮೂರು ಕುರ್ಚಿ, ಮೂರು ಮೈಕು ಇದ್ದವು. ನಿರೂಪಕಿ ಒಂದನ್ನು ಎತ್ತಿಡಲು ಕೈ ಹಾಕಿದಳು.

"ಮುಟ್ಟಬೇಡ ಕಣಮ್ಮಾ!"

ಕೂಗಿದ್ದು ಮೀಟರ್ ಮಾವ. ನಲವತ್ತು ವರ್ಷ ಸದ್ದಿನ ಮೀಟರಿನ ಮುಳ್ಳು ನೋಡುತ್ತ ಕೂತಿದ್ದ ಎಂಜಿನಿಯರಿಗೆ ಬಿದ್ದ ಹೆಸರು ಅದು. ನಿವೃತ್ತರಾದ ಮೇಲೂ ಕರೆದರೆ ಬರುತ್ತಿದ್ದರು. ಅವರು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ನಿರೂಪಕಿ ಕೈ ಹಿಂದಕ್ಕೆಳೆದುಕೊಂಡಳು. ಏನಾಯಿತೆಂದು ನೋಡಲು ಬಂದವರೆಲ್ಲ ಕಂಟ್ರೋಲ್ ರೂಮಿನಲ್ಲಿ ಗುಂಪುಗೂಡಿದರು.

"ಬಂದಿದ್ದೀರಲ್ಲ, ಕೂತ್ಕೊಳ್ಳಿ," ಎಂದರು ಮಾವ. "ಆ ಬಾಗಿಲು ಹಾಕಿ ನೀನೂ ಕೂತ್ಕೋಮ್ಮ. ಆರು ಗಂಟೆಗೆ ಇನ್ನೂ ಹೊತ್ತಿದೆ... ಹದಿನಾರು ವರ್ಷ ಆಯ್ತು. ಇದೇ ಕಾರ್ಯಕ್ರಮ, ಇಂಥದ್ದೇ ಮಳೆ. ಅವತ್ತು ಬರಬೇಕಿದ್ದಿದ್ದು ಒಬ್ಬ ಗಿಟಾರ್ ಹುಡುಗ, ಅವನ ಜೊತೆ ಹಾಡೋ ಹುಡುಗಿ. ಅದಕ್ಕೆ ಮುಂಚೆ ಎರಡು ಸಲ ಬಂದಿದ್ರು ಇಬ್ರೂ. ಆ ಹುಡುಗೀದು ಒಂದೇ ಕೆಟ್ಟ ಚಾಳಿ. ಹಾಡೋಕೆ ಮುಂಚೆ ಉಗುರಿನಿಂದ ಮೈಕನ್ನ ಟಕ್ ಟಕ್ ಟಕ್ ಅಂತ ಮೂರು ಸಲ ಬಡಿಯೋಳು. ಹೆಡ್‌ಫೋನ್ ಹಾಕ್ಕೊಂಡೋರ ಕಿವಿ ಏನಾಗಬೇಕು ಹೇಳಿ? ಬೈದ್ರೆ, 'ಮೈಕು ಎದ್ದಿದೆಯೋ ಮಲಗಿದೆಯೋ ನೋಡ್ದೆ ಮಾವ' ಅಂತ ನಗೋಳು. ಅವಳ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಆಗ್ತಿರಲಿಲ್ಲ ಬಿಡಿ.

"ಅವತ್ತು ಕೆಳಗಿನಿಂದ ಗೇಟಿನೋನು ಫೋನ್ ಮಾಡಿದ. 'ಗೆಸ್ಟ್ ಬಂದ್ರು ಸಾರ್, ಇಬ್ರು' ಅಂದ. ಅವನು ಎಷ್ಟು ಅಂತಾನೋ ಅಷ್ಟು ಮೈಕು ಇಡೋದು ನನ್ನ ಕೆಲಸ. ಎರಡಿಟ್ಟೆ. ಬಾಗಿಲು ತೆಗೆದ್ರೆ ಬಂದೋನು ಹುಡುಗ ಒಬ್ಬನೇ! ಎರಡನೇ ಮೈಕು ನೋಡಿದ್ದೇ ತಡ, ಮುಖ ಬಿಳುಚ್ಕೊಂಡ. 'ಇದ್ಯಾರಿಗೆ? ನಾನು ಒಬ್ಬನೇ ಅಂತ ಹೇಳಿದ್ನಲ್ಲ!' ಅಂತ ರೇಗಿದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗೆ. ನನಗೆ ಆಗ ಹೊಳೀಲಿಲ್ಲ. ಹುಡುಗಿ ಎಲ್ಲಪ್ಪಾ ಅಂದ್ರೆ, 'ಹಾಡೂ ಬೇಡ ಏನೂ ಬೇಡ ಅಂತ ನಾಲ್ಕು ತಿಂಗಳ ಹಿಂದೆ ಊರು ಬಿಟ್ಟು ಹೋದ್ಲು' ಅಂದ. ಅಷ್ಟರಲ್ಲಿ ಕೆಂಪು ದೀಪ ಹತ್ತಿತು. ಇನ್ನು ಒಳಗೆ ಹೋಗಿ ಮೈಕು ತೆಗೆಯೋ ಹಾಗಿಲ್ಲ. ಅದರ ಫೇಡರ್... ಸದ್ದು ಏರಿಸಿ ಇಳಿಸೋ ಈ ಪಟ್ಟಿ ಇದೆಯಲ್ಲ... ಇದನ್ನಾದ್ರೂ ನಾನು ಇಳಿಸಬೇಕಿತ್ತು. ಮರೆತೆ.

"ಆಗ ಕಾರ್ಯಕ್ರಮ ನಡೆಸ್ತಿದ್ದ ಅಕ್ಕ ಕೇಳಿದ್ಲು, 'ಇವತ್ತಿನ ಹಾಡು ಯಾರು ಬರೆದದ್ದು?' ಅಂತ. 'ನಾನೇ' ಅಂದ. ಮಾತು, ರಾಗ ಎಲ್ಲಾ ತನ್ನದೇ ಅಂದ. ಗಿಟಾರ್ ಎತ್ಕೊಂಡ. ನನ್ನ ಕಿವಿಯಲ್ಲಿ... ಟಕ್, ಟಕ್, ಟಕ್.

"ಮೀಟರ್ ನೋಡ್ತೀನಿ, ಎರಡನೇ ಮೈಕಿನ ಮುಳ್ಳು ಆಡ್ತಿದೆ! ಗಾಜಿನಾಚೆ ನೋಡ್ತೀನಿ, ಕುರ್ಚಿ ಖಾಲಿ! ಅವನ ದನಿ ಎದ್ದ ಹಿಂದೆಯೇ ಅವಳ ದನಿ ಎದ್ದಿತು. ಅಕ್ಕನ ಕಿವಿಯಲ್ಲೂ ಹೆಡ್‌ಫೋನ್ ಇತ್ತಲ್ಲ, ಅವಳು ಖಾಲಿ ಕುರ್ಚಿ ನೋಡ್ಕೊಂಡು ಬಾಯಿಗೆ ಕೈ ಅಡ್ಡ ಇಟ್ಕೊಂಡು ಕೂತಿದ್ಲು. ಊರೆಲ್ಲಾ ಕೇಳ್ತಿದೆ. ಹೆಡ್‌ಫೋನ್ ಹಾಕ್ಕೊಳ್ಳದ ಆ ಹುಡುಗ ಒಬ್ಬನಿಗೆ ಮಾತ್ರ ಕೇಳಿಸ್ತಿಲ್ಲ. ಕಣ್ಣು ಮುಚ್ಕೊಂಡು ಹಾಡ್ತಾ ಇದ್ದಾನೆ, ನಗ್ತಾ ಇದ್ದಾನೆ.

"ಹಾಡು ಮುಗಿದ ಕೂಡ್ಲೇ ಫೋನ್ ಬಂತು. ಹೆಂಗಸಿನ ದನಿ. ಮಾತಾಡೋಕೆ ಹುಡುಗ ಹೆಡ್‌ಫೋನ್ ಹಾಕ್ಕೊಂಡ. ಆಯಮ್ಮ ಅಂದ್ಲು, 'ಅಪ್ಪಾ, ನನ್ನ ಮಗಳಿಗೆ ಫೋನ್ ಕೊಡಪ್ಪಾ. ನಾಲ್ಕು ತಿಂಗಳಿಂದ ಹುಡುಕದ ಜಾಗ ಇಲ್ಲ. ನೀನೂ ಗೊತ್ತಿಲ್ಲ ಅಂದಿದ್ದೆ. ಈಗ ನಿನ್ನ ಜೊತೆಗೇ ಹಾಡಿದ್ಲಲ್ಲ! ಹೆತ್ತೋಳಿಗೆ ದನಿ ಗೊತ್ತಾಗಲ್ವೇನೋ? ನಾನು ಬೈಯಲ್ಲ ಅಂತ ಹೇಳು. ಅಲ್ಲೇ ಕೂರಿಸ್ಕೊಂಡಿರಿ, ಇಗೋ ಬಂದೆ.' ಫೋನ್ ಇಟ್ಟೇಬಿಟ್ಲು.

"ಹುಡುಗ, 'ಯಾರು ಹಾಡಿದ್ದು?' ಅಂತ ತೊದಲ್ತಿದ್ದಾನೆ... ಟಕ್, ಟಕ್, ಟಕ್. ಈ ಸಲ ಅವನಿಗೂ ಕೇಳಿಸ್ತು. 'ಹಾಡು ಯಾರದು ಅಂತ ಸರಿಯಾಗಿ ಹೇಳು' ಅಂದ್ಲು ಹುಡುಗಿ. ಮೆತ್ತಗೆ, ಪಕ್ಕದಲ್ಲಿ ಕೂತು ಹೇಳ್ದಂಗೆ. ಅವನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದು ಕಿರುಚಿದ, 'ಸುಮ್ನಿರೇ! ನಾನು ತಳ್ಳಲಿಲ್ಲ! ನೀನೇ ಜಾರಿದ್ದು!' ಕೆಂಪು ದೀಪ ಇನ್ನೂ ಉರೀತಾನೇ ಇತ್ತು.

"ಊರಾಚೆ ನಿಂತುಹೋದ ಕಲ್ಲುಕ್ವಾರಿಗೆ ಇಬ್ರೂ ಹಾಡೋಕೆ ಹೋಗ್ತಿದ್ರಂತೆ, ದನಿ ಚೆನ್ನಾಗಿ ಗುಂಯ್‌ಗುಡುತ್ತೆ ಅಂತ. ಅಲ್ಲಿ ಹುಡುಗಿ ಜಾರಿ ಗುಂಡಿಯ ನೀರಿಗೆ ಬಿದ್ಲು. ಕೂಗಿದ್ದು ಕೇಳಿಸ್ತಂತೆ ಅವನಿಗೆ. ಎಷ್ಟೋ ಹೊತ್ತು ಕೂಗಿದ್ಲಂತೆ. ಅವನು ಇಳೀಲಿಲ್ಲ, ಯಾರನ್ನೂ ಕರೀಲಿಲ್ಲ. ಯಾಕೆ ಹೇಳಿ? ಹಾಡೆಲ್ಲಾ ಅವಳವು! ಅವಳಿಲ್ಲದಿದ್ರೆ ತನ್ನವಾಗ್ತವಲ್ಲ... ಪೊಲೀಸಿನೋರ ಮುಂದೆ ಇಷ್ಟನ್ನೂ ಒದರಿದ. ಛೀ! ಮನುಷ್ಯನ ಜನ್ಮವೇ ಅದು?

"ಅದೆಲ್ಲಾ ಇರಲಿ. ಆ ತಾಯಿ ಅವನು ಕಿರುಚಿದ್ದನ್ನ ಕೇಳಿರಲಿಲ್ಲ, ದಾರಿಯಲ್ಲಿದ್ಲು. ಮಳೆಯಲ್ಲಿ ನೆನೆದು ತೊಪ್ಪೆಯಾಗಿ ಈ ಬಾಗಿಲಲ್ಲಿ ನಿಂತ್ಲು. ಸೆರಗಿನೊಳಗೆ ಒಂದು ಸ್ವೆಟರ್, ಅದೊಂದು ನೆಂದಿರಲಿಲ್ಲ. 'ಎಲ್ಲಿ ಕೂರಿಸಿದ್ದೀರಿ? ಎ.ಸಿ. ಆಗಲ್ಲ ಅವಳಿಗೆ, ಶೀತ ಆಗತ್ತೆ' ಅಂದ್ಲು. ಯಾವ ಬಾಯಲ್ಲಿ ಹೇಳ್ಲಿ ನಾನು? ಆ ಕುರ್ಚಿ ತೋರಿಸ್ದೆ, ಅಷ್ಟೇ. ಅವಳು ಖಾಲಿ ಕುರ್ಚಿ ನೋಡಿದ್ಲು. ನನ್ನ ಮುಖ ನೋಡಿದ್ಲು. ಸ್ವೆಟರನ್ನ ಕುರ್ಚಿಯ ಬೆನ್ನಿಗೆ ಹೊದಿಸಿ, ಪಕ್ಕದ ಕುರ್ಚಿಯಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೂತ್ಲು. ಮುಳ್ಳು ಮೂರು ಸಲ ಎಗರಿತು. 'ಬಂದೆ ಕಣೇ' ಅಂದ್ಲು ತಾಯಿ.

"ಆಮೇಲೆ ಹದಿನೈದು ವರ್ಷ, ಒಂದು ವಾರವೂ ತಪ್ಪಿಸಲಿಲ್ಲ. ಕಾರ್ಯಕ್ರಮದ ದಿನ ಬಂದು ಕೂರೋಳು, ನಾನು ಎರಡನೇ ಮೈಕು ತೆರೆದಿಡ್ತಿದ್ದೆ. ಹೋದ ವರ್ಷ ತೀರ್ಕೊಂಡ್ಲು. ಅವಳು ಹೋದ ವಾರವೇ ಕಾರ್ಯಕ್ರಮವೂ ನಿಂತಿತು."

ನಿರೂಪಕಿ ಗಾಜಿನಾಚೆಯ ಕುರ್ಚಿಗಳನ್ನು ಎಣಿಸಿದಳು. "ಹಾಗಾದ್ರೆ... ಮೂರನೇದು ಯಾರಿಗೆ ಮಾವ?"

ಅವರು ಉತ್ತರ ಕೊಡುವ ಮೊದಲೇ ಮೇಜಿನ ಫೋನು ರಿಂಗಣಿಸಿತು. ಎತ್ತಿಕೊಂಡಳು. ಗೇಟಿನಲ್ಲಿದ್ದವನು ಈ ಸೋಮವಾರ ಸೇರಿದ ಹೊಸಬ, ಹಳೆಯ ಸಂಗತಿ ಯಾವುದೂ ತಿಳಿಯದವನು.

"ಮೇಡಂ, ನಿಮ್ಮ ಗೆಸ್ಟ್ ಬಂದ್ರು, ಮೇಲೆ ಕಳಿಸಿದೀನಿ. ಮೂರು ಜನ. ಅದ್ರಲ್ಲಿ ವಯಸ್ಸಾದಮ್ಮ ಪೂರ್ತಿ ನೆನೆದುಬಿಟ್ಟಿದ್ದಾರೆ, ಒಂದು ಟವಲ್ ಇದ್ರೆ ಕೊಡಿ ಪಾಪ."

ಅವಳು ಫೋನು ಕೆಳಗಿಟ್ಟಳು. "ಎಷ್ಟು ಜನ ಅಂದ?" ಎಂದು ಮಾವ ಕೇಳಿದರು. ಅವಳು ಮೂರು ಬೆರಳೆತ್ತಿದಳು.

ಮಾವ ಮೂರು ಫೇಡರನ್ನೂ ಒಂದೊಂದಾಗಿ ಮೇಲಕ್ಕೇರಿಸಿದರು.

"ಹೆದರಬೇಡಮ್ಮ, ಏನೂ ಮಾಡಲ್ಲ ಅವರು. ಒಂದು ಮಾತು ಮಾತ್ರ ಮರೀಬೇಡ. ನಿನ್ನ ಗೆಸ್ಟ್ ಯಾವ ಹಾಡು ಹಾಡಿದ್ರೂ, ಅದು ಯಾರು ಬರೆದದ್ದು ಅಂತ ಕೇಳು. ನೀನು ಕೇಳದಿದ್ರೆ... ಅವಳು ಕೇಳ್ತಾಳೆ."